ಪರಾಧೀನ ಸ್ವಾತಂತ್ರ್ಯ

ಸ್ವಾತಂತ್ರ್ಯವೆಂಬ ಶಬ್ದವನ್ನು ನಾವು ದಿನವೂ ಉಚ್ಚರಿಸುತ್ತೇವೆ. ಅದು ಯಾವ ನೆಲದ ಮೇಲೆ ನಿಂತಿದೆಯೆಂಬುದನ್ನು ವಿಚಾರಿಸುವವರು ವಿರಳ. ಒಬ್ಬನ ಕೈಯಲ್ಲಿರುವ ಹಗ್ಗವೂ ಕೊಡವೂ ಅವನ ಸ್ವಂತದ್ದಾಗಿರಬಹುದು; ಆ ಹಗ್ಗವನ್ನು ಅವನು ತನ್ನ ಇಚ್ಛೆಯಂತೆ ಕಡಿಯಬಹುದು, ಹೊಸೆಯಬಹುದು, ನೆರೆಯವನಿಗೆ ಕೊಡಲೂಬಹುದು. ಆದರೆ ನೀರು ಸೇದುವ ಬಾವಿಯು ಪರರದಾಗಿದ್ದು, ಅದರ ಬಾಗಿಲನ್ನು ಯಾವ ದಿನ ಮುಚ್ಚಬೇಕೆಂಬುದು ಅವರ ಚಿತ್ತಕ್ಕೆ ಸೇರಿದ್ದಾದರೆ, ಇವನನ್ನು ನೀರಿನ ವಿಷಯದಲ್ಲಿ ಸ್ವತಂತ್ರನೆನ್ನಬಹುದೆ? ಹಗ್ಗದ ಮೇಲಿನ ಒಡೆತನವು ನೀರಿನ ಮೇಲಿನ ಅಧಿಕಾರವಾಗಲಾರದೆಂಬುದು ಮಕ್ಕಳಿಗೂ ತಿಳಿದ ಮಾತು. ಆದರೂ ಇದೇ ಮಾತನ್ನು ಇಂದಿನ ಒಂದು ವಿದ್ಯೆಯ ವಿಷಯದಲ್ಲಿ ವಿದ್ವಾಂಸರೂ ಮರೆಯುತ್ತಿರುವುದರಿಂದ, ಅದನ್ನು ಕುರಿತು ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶವು.

ಗಣಕಯಂತ್ರವನ್ನು ನಡೆಯಿಸುವ ವಿಧಿಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ, 1985ರಲ್ಲಿ ಅದಕ್ಕೊಂದು ಸಂಸ್ಥೆಯನ್ನು ಕಟ್ಟಿ, ಸ್ವತಂತ್ರ ತಂತ್ರಾಂಶವೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಅದರ ಸಾರವು ನಾಲ್ಕು ಅಧಿಕಾರಗಳಲ್ಲಿದೆ: ತಂತ್ರಾಂಶವನ್ನು ಯಾವ ಕಾರ್ಯಕ್ಕಾದರೂ ನಡೆಯಿಸುವುದು, ಅದರ ಒಳಗನ್ನು ಓದಿ ತಿದ್ದುವುದು, ಅದರ ಪ್ರತಿಯನ್ನು ಇತರರಿಗೆ ಕೊಡುವುದು, ತಿದ್ದಿದ ಪ್ರತಿಯನ್ನೂ ಲೋಕಕ್ಕೆ ಹಂಚುವುದು. ಇಲ್ಲಿ ಬೆಲೆಯ ಮಾತೇ ಮುಖ್ಯವಲ್ಲ. ಪುಕ್ಕಟೆಯಾಗಿ ದೊರೆತದ್ದು ದಾಸ್ಯವಾಗಿರಬಹುದು. ಹಣ ಕೊಟ್ಟು ಕೊಂಡದ್ದು ಸ್ವತಂತ್ರವಾಗಿರಬಹುದು. ಉಪಯೋಗಿಸುವವನು ಯಂತ್ರದ ಯಜಮಾನನೋ, ಯಂತ್ರದ ಮೂಲಕ ಬೇರೊಬ್ಬನು ಇವನ ಯಜಮಾನನೋ ಎಂಬುದೇ ಅಲ್ಲಿಯ ಪ್ರಶ್ನೆ.

ಈ ನಾಲ್ಕೂ ಅಧಿಕಾರಗಳು ಹುಟ್ಟಿದ ಕಾಲದಲ್ಲಿ ಒಂದು ಸಂಗತಿಯನ್ನು ಎಲ್ಲರೂ ಸ್ವಯಂಸಿದ್ಧವೆಂದು ಹಿಡಿದಿದ್ದರು: ತಂತ್ರಾಂಶದ ಒಂದು ಪ್ರತಿಯು ಉಪಯೋಗಿಸುವವನ ಬಳಿಯಲ್ಲಿಯೇ ಇರುವುದು. ಪ್ರತಿಯಿದ್ದರೆ ತಾನೆ ಓದುವುದು, ತಿದ್ದುವುದು, ಹಂಚುವುದು? ಈಗ ಆ ಆಧಾರವೇ ಸರಿದುಹೋಗಿದೆ. ನಮ್ಮ ಮೊಬೈಲಿನಲ್ಲಿರುವುದು ಬಹುಮಟ್ಟಿಗೆ ಒಂದು ಕಿಟಕಿ ಮಾತ್ರ. ಕೆಲಸವೆಲ್ಲ ನಡೆಯುವುದು ಸಾವಿರಾರು ಹರದಾರಿ ದೂರದಲ್ಲಿ, ಜನರು ‘ಸರ್ವರ್’ ಎಂದು ಕರೆಯುವ ಬೇರೊಬ್ಬರ ಯಂತ್ರದಲ್ಲಿ. ಕಿಟಕಿಯು ಸ್ವತಂತ್ರ ತಂತ್ರಾಂಶವಾಗಿರಬಹುದು. ಅದರ ಪ್ರತಿಯೊಂದು ಅಕ್ಷರವನ್ನೂ ನಾವು ಓದಿ ತಿದ್ದಬಹುದು. ಆದರೆ ಒಳಮನೆಯಲ್ಲಿ ನಡೆಯುವುದನ್ನು ನೋಡುವ ಅಧಿಕಾರ ನಮಗಿಲ್ಲ. ಇಂಥ ಕಿಟಕಿಯನ್ನು ಮಾಡಿ, ಅದಕ್ಕೆ ‘ಸ್ವತಂತ್ರ’ ಎಂಬ ಮುದ್ರೆಯೊತ್ತಿ ಜನರ ಕೈಗೆ ಕೊಡುವುದು ಧರ್ಮವೆ? ಇದೇ ಪ್ರಶ್ನೆ.

ವಿಷಯವು ಕೇವಲ ತರ್ಕದ್ದೆಂದು ವಾಚಕರು ಭಾವಿಸಬಾರದು. ಕನ್ನಡದ ಕೆಲಸದಲ್ಲಿಯೇ ಇದರ ನಿದರ್ಶನವಿದೆ. ಹಕ್ಕಿನ ಅವಧಿ ಮುಗಿದ ಹಳೆಯ ಮುದ್ರಿತ ಗ್ರಂಥಗಳನ್ನು ಪುಟಪುಟವಾಗಿ ಚಿತ್ರ ತೆಗೆದು, ಆ ಚಿತ್ರದಿಂದ ಅಕ್ಷರಗಳನ್ನು ಯಂತ್ರದ ಮೂಲಕ ಓದಿಸಿ, ಮನುಷ್ಯರು ತಪ್ಪುಗಳನ್ನು ತಿದ್ದಿ, ಲೋಕಕ್ಕೆ ಮುಕ್ತವಾಗಿ ಒಪ್ಪಿಸುವ ವಿಕಿಸೋರ್ಸ್ ಎಂಬ ಗ್ರಂಥಭಂಡಾರವು ಕನ್ನಡದಲ್ಲಿಯೂ ಇದೆ. ಇದರ ಕೆಲಸಗಾರರು ಸಂಬಳವಿಲ್ಲದೆ ದುಡಿಯುವ ಭಾಷಾಭಿಮಾನಿಗಳು. ಪುಟದ ಚಿತ್ರದಿಂದ ಅಕ್ಷರವನ್ನು ಎತ್ತುವ ಉಪಕರಣದಲ್ಲಿ ಅವರ ಮುಂದೆ ಆಯ್ಕೆಗಳಿವೆ. ಒಂದು ಟೆಸೆರಾಕ್ಟ್: ಹ್ಯೂಲೆಟ್ ಪ್ಯಾಕಾರ್ಡ್ ಕಂಪನಿಯಲ್ಲಿ 1985ರಿಂದ ಬೆಳೆದು, 2005ರಲ್ಲಿ ಸ್ವತಂತ್ರವಾಗಿ ಬಿಡುಗಡೆಯಾದ ತಂತ್ರಾಂಶ; ಯಾರ ಮನೆಯ ಯಂತ್ರದಲ್ಲಾದರೂ ನಡೆಯುವಂಥದು; ಕನ್ನಡವನ್ನೂ ಓದಬಲ್ಲದು. ಇನ್ನೊಂದು ಗೂಗಲ್ ಕಂಪನಿಯ ಸರ್ವರು: ಪುಟದ ಚಿತ್ರವನ್ನು ಅಲ್ಲಿಗೆ ಕಳುಹಿಸಿದರೆ ಅಕ್ಷರಗಳು ಬಂದು ಬೀಳುವುವು, ಹೇಗೆ ಬಂದುವೆಂಬುದು ಮಾತ್ರ ಯಾರಿಗೂ ತಿಳಿಯದು. ಕೇಳುವ ಉಪಕರಣವು ಸ್ವತಂತ್ರ. ಉತ್ತರಿಸುವ ಯಂತ್ರವು ಪರಾಧೀನ. ಗೆದ್ದಲು ಹಿಡಿಯುತ್ತಿರುವ ಪುಸ್ತಕವೊಂದನ್ನು ಉಳಿಸಬೇಕೆಂಬ ಆತುರದಲ್ಲಿ, ತಿದ್ದುವ ಶ್ರಮವು ಕಡಿಮೆಯಾಗಲೆಂದು ಎರಡನೆಯದನ್ನು ಆರಿಸುವ ಕೆಲಸಗಾರನನ್ನು ನಾವು ಏನೆನ್ನಬೇಕು?

ಅವನ ಪರವಾಗಿ ಹೇಳಬಹುದಾದ ಮೊದಲನೆಯ ಮಾತೆಂದರೆ, ಲೋಕದಲ್ಲಿ ಪರಾವಲಂಬನೆಯಿಲ್ಲದ ಕಾರ್ಯವೇ ಇಲ್ಲವೆಂಬುದು. ನಮ್ಮ ಬೀದರಿನ ಬಿದರಿ ಕೆಲಸಗಾರನನ್ನೇ ನೋಡಿರಿ. ಕೋಟೆಯ ಮಣ್ಣು ಮಾತ್ರ ಊರಿನದು. ಸತುವು, ತಾಮ್ರ, ಬೆಳ್ಳಿಗಳು ಹೊರಗಿನಿಂದ ಬರತಕ್ಕವು. ಅವನು ಸತುವಿನ ವ್ಯಾಪಾರಿಯನ್ನು ಅವಲಂಬಿಸಿದ್ದಾನೆ. ಹಾಗೆಂದು ಅವನ ಕಲೆಯನ್ನು ಪರಾಧೀನವೆಂದು ಯಾರೂ ಹೇಳರು. ಈ ವಾದವು ಮೇಲುನೋಟಕ್ಕೆ ಬಲವಾದದ್ದೇ ಸರಿ. ಆದರೆ ಒಂದು ಭೇದವನ್ನು ಲಕ್ಷಿಸಬೇಕು. ಸತುವನ್ನು ಕೊಂಡ ಬಳಿಕ ಅದು ಕೆಲಸಗಾರನದಾಯಿತು. ಹೂಜಿಯು ಸಿದ್ಧವಾದ ಹತ್ತು ವರ್ಷಗಳ ಮೇಲೆ ವ್ಯಾಪಾರಿಯು ತನ್ನ ಅಂಗಡಿಯನ್ನು ಮುಚ್ಚಿದರೆ ಹೂಜಿಯು ಕರಗಿಹೋಗುವುದಿಲ್ಲ. ಮುಂದಿನ ಹೂಜಿಗೆ ಬೇರೊಬ್ಬ ವ್ಯಾಪಾರಿಯ ಸತುವೂ ಸಲ್ಲುತ್ತದೆ. ಅಂದರೆ ಮುಗಿಯುವ ಅವಲಂಬನೆಯೊಂದು, ಮುಗಿಯದ ಅವಲಂಬನೆಯೊಂದು. ಮೊದಲನೆಯದು ವ್ಯವಹಾರ, ಎರಡನೆಯದು ಅಧೀನತೆ. ದೂರದ ಸರ್ವರನ್ನು ನೆಚ್ಚಿದ ತಂತ್ರಾಂಶವು ಪ್ರತಿ ಕ್ಷಣವೂ ಅಪ್ಪಣೆ ಬೇಡುತ್ತಿರುವುದು; ಅಪ್ಪಣೆ ನಿಂತ ಕ್ಷಣವೇ ಅದು ಹೆಣ.

ಈ ಭೇದವನ್ನು ಹಿಡಿದು ನೋಡಿದರೆ ಪುಸ್ತಕವನ್ನು ಉಳಿಸಿದ ಕೆಲಸಗಾರನ ಸ್ಥಿತಿಯು ಸ್ವಲ್ಪ ಹಗುರಾಗುವುದನ್ನು ನಾವು ಒಪ್ಪಬೇಕು. ಅವನು ಗೂಗಲಿನಿಂದ ಪಡೆದ ಅಕ್ಷರಗಳು ಒಮ್ಮೆ ಕೈಸೇರಿದ ಮೇಲೆ ಅವನವೇ ಆದುವು. ನಾಳೆ ಆ ಸರ್ವರು ನಿಂತರೂ ಗ್ರಂಥವು ನಿಲ್ಲುತ್ತದೆ. ಹಾಗಾದರೆ ದೋಷವೆಲ್ಲಿ? ಫಲದಲ್ಲಿ ದೋಷವಿಲ್ಲ, ಶಕ್ತಿಯಲ್ಲಿದೆ. ಈ ಪುಸ್ತಕ ಉಳಿಯಿತು. ಮುಂದಿನ ಪುಸ್ತಕವನ್ನು ಉಳಿಸುವ ಶಕ್ತಿಯು ನಮ್ಮಲ್ಲಿ ಬೆಳೆಯಲಿಲ್ಲ. ಸಾವಿರ ಪುಟಗಳನ್ನು ಓದಿಸಿದ ಮೇಲೂ ಕನ್ನಡ ಸಮಾಜದ ಕೈಯಲ್ಲಿರುವ ಓದುವ ಯಂತ್ರವು ಮೊದಲು ಎಷ್ಟು ದಡ್ಡನಾಗಿತ್ತೋ ಅಷ್ಟೇ ದಡ್ಡನಾಗಿ ಉಳಿಯಿತು. ಪರರ ಮನೆಯ ಅಡಿಗೆಯನ್ನು ಉಂಡವನ ಹಸಿವು ಅಡಗುವುದು ದಿಟ. ತನ್ನ ಮನೆಯ ಒಲೆಯು ಮಾತ್ರ ಹೊತ್ತಲಿಲ್ಲ.

ಅಪ್ಪಣೆಯು ನಿಲ್ಲುವುದೆಂಬ ಭಯವು ಕಲ್ಪಿತವೆಂದು ಕೆಲವರು ನಗಬಹುದು. ಎರಡು ಸಂಗತಿಗಳನ್ನು ನೆನೆಯೋಣ. ಸ್ವತಂತ್ರ ತಂತ್ರಾಂಶಗಳಲ್ಲಿ ಅಗ್ರಗಣ್ಯವಾದ ಲಿನಕ್ಸಿನ ರಚನಾಕಾರರು ತಮ್ಮ ಬರವಣಿಗೆಯ ಆವೃತ್ತಿಗಳನ್ನು ಕಾಯ್ದುಕೊಳ್ಳಲು 2002ರಿಂದ ಬಿಟ್‌ಕೀಪರ್ ಎಂಬ ಪರಾಧೀನ ತಂತ್ರಾಂಶವನ್ನು ಪುಕ್ಕಟೆಯಾಗಿ ಉಪಯೋಗಿಸುತ್ತಿದ್ದರು. 2005ರಲ್ಲಿ ಒಡೆಯನು ಆ ಉಪಕಾರವನ್ನು ಹಿಂತೆಗೆದುಕೊಂಡನು. ಲೈನಸ್ ಟೋರ್‌ವಾಲ್ಡ್ಸರು ಆಗ ಗಿಟ್ ಎಂಬ ಸ್ವಂತ ಸಾಧನವನ್ನು ರಚಿಸಬೇಕಾಯಿತು. ಅಷ್ಟು ಸಮರ್ಥರಾದ್ದರಿಂದ ಅವರು ಬದುಕಿದರು. ಎರಡನೆಯದು ನಮಗೆ ಹತ್ತಿರದ್ದು. ಗೂಗಲಿನ ಅನುವಾದಯಂತ್ರಕ್ಕೆ ಕನ್ನಡವು ಸೇರಿದ್ದು 2011ರ ಜೂನ್ ತಿಂಗಳಲ್ಲಿ. ಅದಕ್ಕೆ ಕೆಲವು ವಾರಗಳ ಮುಂಚೆಯೇ, ಇತರರ ತಂತ್ರಾಂಶಗಳು ಆ ಅನುವಾದಯಂತ್ರವನ್ನು ಪುಕ್ಕಟೆಯಾಗಿ ಕರೆಯುವ ದ್ವಾರವನ್ನು ಮುಚ್ಚುವೆವೆಂದು ಆ ಕಂಪನಿಯು ಸಾರಿತ್ತು. ಜನರು ಕೂಗಿಕೊಂಡ ಮೇಲೆ ಮುಚ್ಚುವುದರ ಬದಲು ಹಣದ ದ್ವಾರವಾಗಿ ಮಾರ್ಪಡಿಸಿತು. ಕಂಪನಿಯು ಅನ್ಯಾಯ ಮಾಡಿತೆಂದು ನಾವು ಹೇಳುವುದಿಲ್ಲ. ತನ್ನ ಬಾವಿಯ ಬಾಗಿಲು, ತನ್ನ ಬೀಗ. ಅದೇ ಬೀಗದ ಮೇಲೆ ನಮ್ಮ ಸ್ವಾತಂತ್ರ್ಯವನ್ನು ಕಟ್ಟಿಕೊಂಡದ್ದು ನಮ್ಮ ಅವಿವೇಕವೆಂಬುದಷ್ಟೇ ನಮ್ಮ ಮಾತು.

ಹಾಗಾದರೆ ದೂರದ ಯಂತ್ರವನ್ನು ಆಶ್ರಯಿಸುವುದೆಲ್ಲವೂ ಅಧರ್ಮವೆ? ಹಾಗೆಂದರೆ ವಿವೇಕವು ತಪ್ಪಿದಂತಾಗುವುದು. ಇಬ್ಬರು ಸೇರಿಯೇ ನಡೆಯತಕ್ಕ ಕಾರ್ಯಗಳುಂಟು; ಒಬ್ಬನೇ ಮಾಡಿಕೊಳ್ಳತಕ್ಕ ಕಾರ್ಯಗಳುಂಟು. ಕಾಗದವನ್ನು ಬರೆದು ಕಳುಹಿಸಲು ಅಂಚೆಯವನು ಬೇಕೇ ಬೇಕು; ಆದರೆ ಕಾಗದವನ್ನು ಬರೆಯಲು ಅವನು ಬೇಕಾಗಿಲ್ಲ. ಪತ್ರವ್ಯವಹಾರ, ಸಂಭಾಷಣೆ, ಹಲವರು ಕೂಡಿ ಬರೆಯುವ ವಿಶ್ವಕೋಶ, ಇವು ಸ್ವಭಾವತಃ ಪರಸ್ಪರವಾದುವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ದೂರದ ಸರ್ವರಿನಲ್ಲಿದೆ. ಆದರೂ ಅದನ್ನು ನಡೆಯಿಸುವ ತಂತ್ರಾಂಶವೂ ಮುಕ್ತ, ಅದರಲ್ಲಿಯ ಬರವಣಿಗೆಯೂ ಮುಕ್ತ. ಸಮಸ್ತವನ್ನೂ ಪ್ರತಿ ಮಾಡಿಕೊಂಡು ಯಾರಾದರೂ ಬೇರೆಡೆಯಲ್ಲಿ ನಿಲ್ಲಿಸಬಹುದು. ಅಲ್ಲಿ ದೂರವಿದೆ, ಅಧೀನತೆಯಿಲ್ಲ. ನನ್ನದೇ ಬರವಣಿಗೆಯನ್ನು ತಿದ್ದುವುದು, ನನ್ನ ಪುಸ್ತಕವನ್ನು ಓದಿಸುವುದು, ನನ್ನ ಮಾತನ್ನು ಅಕ್ಷರಕ್ಕಿಳಿಸುವುದು, ಇವು ನನ್ನ ಸ್ವಂತದ ಕಾರ್ಯಗಳು. ಇವುಗಳನ್ನೂ ಪರರ ಯಂತ್ರಕ್ಕೆ ಒಪ್ಪಿಸಿದಾಗ ಸ್ವಾಧಿಕಾರವು ಲೋಪವಾಗುವುದೆಂದು ಸ್ಟಾಲ್‌ಮನ್ನರೂ 2010ರಲ್ಲಿ ವಾದಿಸಿದ್ದಾರೆ.

ದೂರವೇ ದೋಷವಲ್ಲವೆಂಬುದಕ್ಕೆ ಬೀದರಿನ ನೆಲದೊಳಗೇ ಸಾಕ್ಷಿಯಿದೆ. ನೌಬಾದಿನ ಸುರಂಗಬಾವಿ, ಜನರು ಕರೇಜ್ ಎಂದು ಕರೆಯುವುದು, ಬಹಮನಿ ಅರಸರ ಕಾಲದ, 15ನೆಯ ಶತಮಾನದ ಕೃತಿ. ಮೂಲದ ನೀರು ಒಂದೆಡೆ, ಕುಡಿಯುವ ಜನ ಇನ್ನೊಂದೆಡೆ. ನಡುವೆ ಭೂಮಿಯ ಒಳಗೆ ದೂರದವರೆಗೆ ಹರಿಯುವ ಕಾಲುವೆ. ಆದರೆ ಅದನ್ನು ಕಟ್ಟಿದವರು ದಾರಿಯುದ್ದಕ್ಕೂ ಬಾವಿಯಂಥ ಬಾಯಿಗಳನ್ನು ಬಿಟ್ಟಿದ್ದಾರೆ. ಗಾಳಿಬೆಳಕುಗಳು ಇಳಿಯುವುದು ಅಲ್ಲಿಂದ. ಮನುಷ್ಯನು ಇಳಿದು ನೋಡುವುದು, ಹೂಳು ತೆಗೆಯುವುದು ಅಲ್ಲಿಂದಲೇ. ನೀರು ದೂರದಿಂದ ಬಂದರೂ ಅದರ ಹಾದಿಯು ಕುಡಿಯುವವರಿಗೆ ಮುಚ್ಚಿರಲಿಲ್ಲ. ದೂರದ ಸರ್ವರಿಗೂ ಇಂಥ ಬಾಯಿಗಳಿರಬೇಕೆಂಬ ಆಶಯದಿಂದಲೇ 2007ರಲ್ಲಿ ಅಫೆರೊ ಎಂಬ ಪರವಾನಗಿಯ ಮೂರನೆಯ ಆವೃತ್ತಿಯು ಹೊರಟಿತು. ಅದಕ್ಕೆ ಒಳಪಟ್ಟ ತಂತ್ರಾಂಶವನ್ನು ತಿದ್ದಿ ಸರ್ವರಿನಲ್ಲಿ ನಡೆಯಿಸಿ ಜನರ ಉಪಯೋಗಕ್ಕೆ ತೆರೆದಿಟ್ಟವನು, ಆ ತಿದ್ದಿದ ಮೂಲವನ್ನು ಉಪಯೋಗಿಸುವವರಿಗೂ ಕೊಡಬೇಕೆಂಬುದು ಅದರ ನಿಯಮ. ಇದು ಅರ್ಧ ದಾರಿ. ಮೂಲವಿಧಿಯು ದೊರೆತರೂ, ಯಂತ್ರವು ಕಲಿತ ವಿದ್ಯೆಯ ಭಂಡಾರವು ಅದರೊಡನೆ ದೊರೆಯದಿದ್ದರೆ, ಕೈಗೆ ಬಂದದ್ದು ಕಾಳಿಲ್ಲದ ತೆನೆ.

ಇನ್ನೊಂದು ನಿದರ್ಶನವನ್ನೂ ತೂಗಿ ನೋಡಬೇಕು. 1948ರ ಸೆಪ್ಟೆಂಬರಿನವರೆಗೆ ಈ ಪ್ರಾಂತವು ನಿಜಾಮರ ಆಳಿಕೆಯಲ್ಲಿತ್ತು. ಕಚೇರಿಯ ಭಾಷೆಯು ಉರ್ದು. ಕನ್ನಡ, ಮರಾಠಿ, ತೆಲುಗು ಮಾತ್ರ ಬಲ್ಲ ರೈತನಿಗೆ ತನ್ನ ಹೊಲದ ಕಾಗದದಲ್ಲಿ ಏನಿದೆಯೆಂಬುದು ಓದಿ ಹೇಳುವವನ ಬಾಯಿಂದಲೇ ತಿಳಿಯತಕ್ಕದ್ದಾಗಿತ್ತು. ಹೊಲ ಅವನದು, ಹೊಲದ ಮಾತು ಪರರದು. ಕರ್ನಾಟಕ ಸರಕಾರವು 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿ, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿತು. ಗ್ರಾಮದ ಲೆಕ್ಕಿಗನೊಬ್ಬನ ಕೃಪೆಯಿಂದ ರೈತನು ಬಿಡುಗಡೆ ಹೊಂದಿದ್ದು ದೊಡ್ಡ ಉಪಕಾರವೇ. ಆದರೆ ಇಂದು ಮನ್ನಳ್ಳಿಯಂಥ ಊರಿನ ರೈತನು ಸಾಲಕ್ಕಾಗಿ ಪಹಣಿ ಬೇಕೆಂದು ಹೋದಾಗ ‘ಸರ್ವರ್ ಇಲ್ಲ’ ಎಂಬ ಎರಡು ಶಬ್ದಗಳು ಎದುರಾದರೆ ಅವನ ದಿನದ ಕೂಲಿಯು ಹಾಳಾಗುವುದು. ಭೂಮಿಯು ಸ್ವತಂತ್ರ ತಂತ್ರಾಂಶವಲ್ಲ. ಅದನ್ನಿಲ್ಲಿ ಎತ್ತಿದ್ದು ಒಂದು ಭೇದವನ್ನು ತೋರಿಸುವುದಕ್ಕೆ. ಸರಕಾರದ ಸರ್ವರು ನಿಂತರೆ ಕೇಳಲು ತಹಶೀಲದಾರರಿದ್ದಾರೆ, ಶಾಸಕರಿದ್ದಾರೆ, 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ, ಐದು ವರ್ಷಕ್ಕೊಮ್ಮೆ ಮತವಿದೆ. ಈ ಬಾಧ್ಯತೆಯು ಎಷ್ಟೇ ಸಡಿಲವಾಗಿರಲಿ, ಇದೆ. ಪರದೇಶದ ಕಂಪನಿಯ ಸರ್ವರು ತನ್ನ ದ್ವಾರವನ್ನು ಮುಚ್ಚಿದರೆ ಮನ್ನಳ್ಳಿಯವನು ಯಾರನ್ನು ಕೇಳಬೇಕು? ಆದಕಾರಣ ಅಧೀನತೆಯ ಅಳತೆಗೋಲು ಹರದಾರಿಯಲ್ಲ. ಉತ್ತರ ಹೇಳುವ ಹೊಣೆಯೇ ಅದರ ಅಳತೆಗೋಲು.

ಇಲ್ಲಿಯವರೆಗಿನ ವಿಚಾರದಿಂದ ಮೂರು ಲಕ್ಷಣಗಳು ದೊರೆತುವು: ಮುಗಿಯದ ಅವಲಂಬನೆ, ಕಾಣದ ಒಳಗು, ಕೇಳಲಾಗದ ಒಡೆಯ. ಈ ಮೂರೂ ಕೂಡಿದಲ್ಲಿ ಕಿಟಕಿಯು ಎಷ್ಟು ಸ್ವತಂತ್ರವಾಗಿದ್ದರೂ ಮನೆಯು ಸೆರೆಮನೆ. ಈಗ ಹೊಣೆಯು ಯಾರದೆಂಬ ಪ್ರಶ್ನೆ ಬರುವುದು.

ಉಪಯೋಗಿಸುವವನದೆಂದು ಹೇಳಲು ನಮಗೆ ಮನಸ್ಸಿಲ್ಲ. ಔರಾದಿನ ಒಬ್ಬ ವಿದ್ಯಾರ್ಥಿಯು ಇಂಗ್ಲಿಷಿನ ಅರ್ಜಿಯೊಂದರ ಅರ್ಥವನ್ನು ಅನುವಾದಯಂತ್ರದಿಂದ ತಿಳಿದುಕೊಂಡರೆ ಅವನನ್ನು ನೀತಿಯ ಕಟಕಟೆಗೆ ಎಳೆಯುವುದು ಕ್ರೌರ್ಯ. ಬಾಯಾರಿದವನು ಬಾವಿಯ ಹಕ್ಕುಪತ್ರವನ್ನು ನೋಡಿ ನೀರು ಕುಡಿಯುವುದಿಲ್ಲ. ಹೊಣೆಯು ಸಾಮರ್ಥ್ಯವನ್ನು ಅನುಸರಿಸತಕ್ಕದ್ದು. ಆದ್ದರಿಂದ ಅದು ಮೊದಲು ತಂತ್ರಾಂಶವನ್ನು ರಚಿಸುವವನ ಮೇಲೆಯೂ, ಅದನ್ನು ಹಂಚುವ ಸಂಸ್ಥೆಗಳ ಮೇಲೆಯೂ ಬೀಳುವುದು. 1993ರಲ್ಲಿ ಆರಂಭವಾಗಿ 1997ರಲ್ಲಿ ತನ್ನ ಸಾಮಾಜಿಕ ಕರಾರನ್ನು ಪ್ರಕಟಿಸಿದ ಡೆಬಿಯನ್ ಎಂಬ ಸಮೂಹವು, ತಾನು ಸ್ವತಂತ್ರವಾಗಿದ್ದರೂ ಪರಾಧೀನ ತಂತ್ರಾಂಶವಿಲ್ಲದೆ ನಡೆಯಲಾರದ ತಂತ್ರಾಂಶವನ್ನು ಮುಖ್ಯ ಪಂಕ್ತಿಯಲ್ಲಿ ಕೂಡಿಸದೆ ಬೇರೆ ಎಲೆ ಹಾಕುತ್ತದೆ. ಆದರೆ ಆ ಪರಾಧೀನ ವಸ್ತುವು ಅದೇ ಯಂತ್ರದಲ್ಲಿರದೆ ದೂರದ ಸರ್ವರಿನಲ್ಲಿದ್ದರೆ ಸಾಮಾನ್ಯವಾಗಿ ಈ ಪಂಕ್ತಿಭೇದವು ನಡೆಯುವುದಿಲ್ಲ. ಮನೆಯೊಳಗಿನ ಸಂಕೋಲೆಯನ್ನು ಎಣಿಸಿ, ಹೊರಗಿನಿಂದ ಬಂದ ಸಂಕೋಲೆಯನ್ನು ಎಣಿಸದಿರುವುದಕ್ಕೆ ವ್ಯವಹಾರದ ಕಾರಣಗಳಿರಬಹುದು. ನೀತಿಯ ಕಾರಣವು ನಮಗೆ ತೋರುವುದಿಲ್ಲ. 2010ರಲ್ಲಿ ಹುಟ್ಟಿದ ಎಫ್-ಡ್ರಾಯ್ಡ್ ಎಂಬ ಮೊಬೈಲು ತಂತ್ರಾಂಶಗಳ ಭಂಡಾರವು ಮೇಲಾದ ದಾರಿಯನ್ನು ಹಿಡಿದಿದೆ: ಪರಾಧೀನವಾದ ಜಾಲಸೇವೆಯನ್ನು ನೆಚ್ಚಿದ ತಂತ್ರಾಂಶವನ್ನು ಅದು ಹೊರಗೆ ಹಾಕುವುದಿಲ್ಲ, ಅದರ ನೆತ್ತಿಯ ಮೇಲೆ ಆ ಸಂಗತಿಯನ್ನು ಬರೆದು ತೋರಿಸುತ್ತದೆ. ಬಹಿಷ್ಕಾರಕ್ಕಿಂತ ಸತ್ಯವಚನವು ಶ್ರೇಷ್ಠ.

ಆದುದರಿಂದ ರಚಿಸುವವನ ಧರ್ಮವನ್ನು ಹೀಗೆ ಹೇಳಬಹುದು. ಒಂದು, ತನ್ನ ತಂತ್ರಾಂಶವು ಯಾರ ಬಾವಿಯಿಂದ ನೀರು ಸೇದುವುದೆಂಬುದನ್ನೂ, ಉಪಯೋಗಿಸುವವನ ಯಾವ ವಸ್ತುವು ಅಲ್ಲಿಗೆ ಹೋಗುವುದೆಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವುದು. ಹಳೆಯ ಗ್ರಂಥದ ಪುಟವನ್ನು ಕಳುಹಿಸುವುದರಲ್ಲಿ ಗುಟ್ಟೇನೂ ಇಲ್ಲ. ಒಬ್ಬ ತಾಯಿಯು ಮಗನಿಗೆ ಬರೆದ ಕಾಗದವನ್ನು ಅನುವಾದಕ್ಕಾಗಿ ಕಳುಹಿಸುವುದು ಹಾಗಲ್ಲ. ಎರಡು, ಬಾವಿಯನ್ನು ಬದಲಿಸುವ ಅವಕಾಶವನ್ನು ಉಳಿಸುವುದು. ಸರ್ವರಿನ ವಿಳಾಸವನ್ನು ತಂತ್ರಾಂಶದೊಳಗೆ ಕಲ್ಲಿನಲ್ಲಿ ಕೆತ್ತದೆ, ಉಪಯೋಗಿಸುವವನು ತಾನೇ ಬರೆದುಕೊಳ್ಳುವಂತೆ ಬಿಡುವುದು. ಮೂರು, ಮಾಡಿದ ಕೆಲಸದ ಫಲವು ಉಪಯೋಗಿಸುವವನ ಕೈಯಲ್ಲಿಯೇ, ಎಲ್ಲರೂ ಓದಬಲ್ಲ ರೂಪದಲ್ಲಿ, ಉಳಿಯುವಂತೆ ನೋಡುವುದು. ಈ ಮೂರನ್ನು ಪಾಲಿಸಿದ ಕಿಟಕಿಯನ್ನು ನಾವು ನಿರ್ದೋಷವೆನ್ನೆವು, ಆದರೆ ಪ್ರಾಮಾಣಿಕವೆನ್ನುವೆವು.

ನಾಲ್ಕನೆಯದೊಂದು ಧರ್ಮವುಂಟು, ಅದು ರಚಿಸುವವನೊಬ್ಬನದಲ್ಲ, ಸಮಾಜದ್ದು. ನಮ್ಮ ಹಿರಿಯರು ಋಣವೆಂದರೆ ಹಣದ ಸಾಲವೊಂದನ್ನೇ ತಿಳಿಯಲಿಲ್ಲ. ವಿದ್ಯೆಯನ್ನು ಪಡೆದವನು ವಿದ್ಯೆಯನ್ನು ಬೆಳೆಯಿಸಿಯೇ ಆ ಋಣವನ್ನು ತೀರಿಸಬೇಕೆಂದರು. ಪರರ ಬಾವಿಯಿಂದ ಸೇದಿದ ಪ್ರತಿಯೊಂದು ಕೊಡಕ್ಕೂ ನಮ್ಮ ಅಂಗಳದ ಬಾವಿಯಲ್ಲಿ ಒಂದು ಮೊಳ ಅಗೆಯುವ ಋಣವು ನಮ್ಮ ಮೇಲಿದೆ. ಇದು ಅಸಾಧ್ಯದ ಮಾತಲ್ಲ. ವಿಕಿಸೋರ್ಸಿನಲ್ಲಿ ಪುಟದ ಚಿತ್ರವೂ, ಮನುಷ್ಯರು ತಿದ್ದಿದ ಶುದ್ಧ ಪಾಠವೂ ಅಕ್ಕಪಕ್ಕದಲ್ಲಿ ಮುಕ್ತವಾಗಿವೆ. ಟೆಸೆರಾಕ್ಟಿನಂಥ ಯಂತ್ರಕ್ಕೆ ಕನ್ನಡದ ಓದನ್ನು ಕಲಿಸಲು ಬೇಕಾದದ್ದು ಇಂಥ ಜೋಡಿಯೇ. ತಿದ್ದಿದ ಪುಟಗಳನ್ನು ಆ ಕೆಲಸಕ್ಕೂ ತಿರುಗಿಸಿದರೆ, ಪರರ ಸರ್ವರಿನಿಂದ ಪಡೆದ ಉಪಕಾರವೇ ನಮ್ಮ ಸ್ವಾತಂತ್ರ್ಯದ ಬಿತ್ತಾಗುವುದು. ಟೆಸೆರಾಕ್ಟನ್ನು 2006ರಿಂದ ಹಲವು ವರ್ಷ ಪೋಷಿಸಿದ್ದು ಗೂಗಲ್ ಕಂಪನಿಯೇ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು; ಒಡೆಯನೂ ಒಮ್ಮೊಮ್ಮೆ ಊರಬಾವಿಗೆ ಕಲ್ಲು ಹೊರುತ್ತಾನೆ. ಮದರಾಸಿನ ಐಐಟಿಯ ಎಐ4ಭಾರತ ಎಂಬ ತಂಡವು 2023ರಲ್ಲಿ ಕನ್ನಡವೂ ಸೇರಿ ಸಂವಿಧಾನದ 8ನೆಯ ಅನುಸೂಚಿಯ 22 ಭಾಷೆಗಳ ಅನುವಾದಯಂತ್ರವನ್ನು, ಅದು ಕಲಿತ ವಿದ್ಯೆಯೊಡನೆಯೇ, ಮುಕ್ತವಾಗಿ ಬಿಡುಗಡೆ ಮಾಡಿದೆ. ಬಾವಿಯು ತೋಡಲಾಗದ್ದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟೆಲ್ಲ ಶ್ರಮವೇಕೆ, ಪರರ ಬಾವಿಯ ನೀರು ಸಿಹಿಯಾಗಿರುವಾಗ? ಎಂದು ಕೇಳುವವರಿಗೆ ಒಂದು ಮಾತು. ಬೀದರದ ಕನ್ನಡವು ಬೆಂಗಳೂರಿನ ಕನ್ನಡವಲ್ಲ. ಉರ್ದು, ಮರಾಠಿ, ತೆಲುಗುಗಳೊಡನೆ ಶತಮಾನಗಳ ಕಾಲ ಒಂದೇ ಓಣಿಯಲ್ಲಿ ಬಾಳಿದ ನುಡಿಯದು. ಅದರ ಶಬ್ದ ಬೇರೆ, ಧ್ವನಿ ಬೇರೆ. ಭಾಲ್ಕಿಯ ಮುದುಕಿಯೊಬ್ಬಳ ಮಾತನ್ನು ದೂರದ ಯಂತ್ರವು ತಪ್ಪಾಗಿ ಕೇಳಿದರೆ, ಅದನ್ನು ತಿದ್ದುವುದು ಆ ಕಂಪನಿಗೆ ಲಾಭವೆನಿಸಿದರೆ ತಿದ್ದೀತು, ಇಲ್ಲವಾದರೆ ಇಲ್ಲ. ಆಗ ಯಂತ್ರವು ನಮ್ಮ ನುಡಿಗೆ ಹೊಂದಿಕೊಳ್ಳುವುದರ ಬದಲು ನಮ್ಮ ಮಕ್ಕಳು ಯಂತ್ರಕ್ಕೆ ತಿಳಿಯುವಂತೆ ತಮ್ಮ ನುಡಿಯನ್ನು ತಿದ್ದಿಕೊಳ್ಳುವರು. ತಂತ್ರಾಂಶವನ್ನು ತಿದ್ದುವ ಅಧಿಕಾರವೆಂಬುದು ನಾಲ್ಕು ಜನ ಯಂತ್ರಪಂಡಿತರ ಹಟವೆಂದು ತೋರಬಹುದು. ನಿಜದಲ್ಲಿ ಅದು ಒಂದು ಪ್ರಾಂತದ ಜನರು ತಾವು ಮಾತಾಡುವಂತೆಯೇ ಮಾತಾಡುತ್ತ ಬಾಳುವ ಅಧಿಕಾರವಾಗಿದೆ.

ಬಡ ಜಿಲ್ಲೆಯೊಂದು ತನ್ನದೇ ಸರ್ವರುಗಳನ್ನು ಸಾಕಬಲ್ಲುದೆ ಎಂಬ ಶಂಕೆಯು ಉಳಿಯುತ್ತದೆ. ಅದು ಸುಳ್ಳು ಶಂಕೆಯಲ್ಲ. ವಿದ್ಯುತ್ತು, ಯಂತ್ರ, ಕಾಯುವ ಜನ, ಎಲ್ಲಕ್ಕೂ ಹಣ ಬೇಕು. ಪ್ರತಿಯೊಂದು ಮನೆಗೂ ಬಾವಿಯಿರಬೇಕೆಂದು ನಾವು ಹೇಳಲಿಲ್ಲ. ಊರಿಗೊಂದು ಬಾವಿ ಸಾಕು. ಆದರೆ ಅದು ಊರಿನದಾಗಿರಬೇಕು. ಕಾಲೇಜುಗಳು, ಗ್ರಂಥಾಲಯಗಳು, ಸಾಹಿತ್ಯಸಂಘಗಳು ಕೂಡಿದರೆ ದೊಡ್ಡದನ್ನಲ್ಲದಿದ್ದರೂ ಚಿಕ್ಕದನ್ನು ನಡೆಯಿಸಬಲ್ಲವು. ಅದುವರೆಗೆ ಪರರ ಬಾವಿಗೆ ಹೋಗುವುದೂ ತಪ್ಪದು; ಪುಸ್ತಕವು ಗೆದ್ದಲಿಗೆ ಆಹಾರವಾಗುತ್ತಿರುವಾಗ ತತ್ತ್ವಕ್ಕಾಗಿ ಕಾಯುತ್ತ ಕುಳಿತುಕೊಳ್ಳುವುದು ಧರ್ಮವಾಗಲಾರದು. ಹೋಗುವಾಗ ಮಾತ್ರ, ಇದು ನಮ್ಮದಲ್ಲವೆಂಬ ಅರಿವು ಇರಲಿ. ನೆರೆಯವನಿಗೂ ಅದನ್ನು ಮುಚ್ಚದೆ ಹೇಳೋಣ. ಹಿಂತಿರುಗಿ ಬಂದು ಗುದ್ದಲಿಯನ್ನು ಕೈಗೆತ್ತಿಕೊಳ್ಳೋಣ.